ಕಾರಹುಣ್ಣಿವೆಯ ಮೆರವಣಿಗೆ

ಪ್ರತಿಯೊಂದು ಊರಿಗೂ ವರ್ಷದಲ್ಲಿ ಇಂಥದೊಂದು ದಿನವಿರುತ್ತದೆ. ಅಂದು ಮನೆಯೊಳಗಿನವರೆಲ್ಲರೂ ಬೀದಿಗೆ ಬಂದು, ತಮ್ಮ ಊರು ಎಷ್ಟು ದೊಡ್ಡದು, ಅದರಲ್ಲಿ ಯಾರು ಯಾರಿದ್ದಾರೆ ಎಂಬುದನ್ನು ಕಣ್ಣಾರೆ ಕಾಣುತ್ತಾರೆ. ಯುರೋಪಖಂಡದ ಪಟ್ಟಣಗಳಲ್ಲಿ ಕ್ರೈಸ್ತರ ಉಪವಾಸದ ದಿನಗಳು ತೊಡಗುವ ಮುನ್ನ ಜನರು ಮುಖವಾಡ ತೊಟ್ಟು, ವೇಷ ಹಾಕಿ, ವಾದ್ಯಗಳ ಸಮೇತ ಕಾರ್ನಿವಲ್ ಎಂಬ ಮೆರವಣಿಗೆಯನ್ನು ಹೊರಡಿಸುತ್ತಾರೆ. ಅಲ್ಲಿ ಮನುಷ್ಯನು ಒಂದು ದಿನದ ಮಟ್ಟಿಗೆ ಬೇರೊಬ್ಬನಾಗಿ ಮೆರೆಯುವನು. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಆ ಮೆರೆಯುವ ಪದವಿಯನ್ನು ಜನರು ಎತ್ತಿಗೆ ಬಿಟ್ಟುಕೊಟ್ಟಿದ್ದಾರೆ. ಕಾರಹುಣ್ಣಿವೆಯ ದಿನ ಎತ್ತು ಮುಂದೆ, ಮನೆಯವರು ಹಿಂದೆ. ವರ್ಷವೆಲ್ಲ ಬಾರಕೋಲು ಹಿಡಿದು ಎತ್ತಿನ ಹಿಂದೆ ನಡೆದ ಒಕ್ಕಲಿಗನು ಅಂದೂ ಹಿಂದೆಯೇ ನಡೆಯುತ್ತಾನೆ. ಆದರೆ ಅಂದು ಅವನ ಕೈಯಲ್ಲಿ ಬಾರಕೋಲು ಇರಕೂಡದು.

ಜ್ಯೇಷ್ಠ ಮಾಸದ ಹುಣ್ಣಿವೆಯೇ ಕಾರಹುಣ್ಣಿವೆ. ಸಾಮಾನ್ಯವಾಗಿ ಜೂನ ತಿಂಗಳಲ್ಲಿ, ಮುಂಗಾರಿಯ ಮೊದಲ ಮಳೆಗಳ ಹೊತ್ತಿಗೆ ಇದು ಬರುವುದು. ಯುಗಾದಿಯ ತರುವಾಯ ಬೇಸಗೆಯ ಬಿಸಿಲಿನಲ್ಲಿ ಸುಮ್ಮನಿದ್ದ ಹಬ್ಬಗಳ ಸಾಲನ್ನು ಕಾರಹುಣ್ಣಿವೆಯೇ ಕರೆದುಕೊಂಡು ಬರುವುದೆಂದೂ, ಹೋಳಿಹುಣ್ಣಿವೆಯು ಅವನ್ನು ಮರಳಿ ಒಯ್ಯುವುದೆಂದೂ ನಮ್ಮ ಹಿರಿಯರು ಹೇಳುವರು. ಇಚಲಕರಂಜಿ ಕೊಲ್ಲಾಪುರಗಳ ಕಡೆಗೆ ಮರಾಠಿ ಜನರು ಎತ್ತಿನ ಹಬ್ಬವನ್ನು 'ಬೇಂದೂರ' ಎಂದು ಕರೆಯುತ್ತಾರೆ. ಅವರಲ್ಲಿ ಎರಡು ಬೇಂದೂರಗಳುಂಟು. ಜ್ಯೇಷ್ಠದಲ್ಲಿ ಬರುವದಕ್ಕೆ ಅವರಿಟ್ಟ ಹೆಸರೇ 'ಕರ್ನಾಟಕೀ ಬೇಂದೂರ'! ಎರಡು ಭಾಷೆಗಳು ಒಂದೇ ಓಣಿಯಲ್ಲಿ ಬದುಕುವ ಈ ಗಡಿಸೀಮೆಯಲ್ಲಿ, ಹೆಸರಿಗಾಗಿ ಜಗಳವಾಡದೆ ಒಬ್ಬರ ಹಬ್ಬವನ್ನು ಮತ್ತೊಬ್ಬರು ಅವರ ಹೆಸರಿನಿಂದಲೇ ಆಚರಿಸುವ ಸೌಜನ್ಯಕ್ಕೆ ಇದೊಂದು ಒಳ್ಳೆಯ ಸಾಕ್ಷಿ. ಎತ್ತಿಗೆ ಕನ್ನಡವೂ ತಿಳಿಯುವುದು, ಮರಾಠಿಯೂ ತಿಳಿಯುವುದು.

ಮೆರವಣಿಗೆಯ ಸಿದ್ಧತೆಯು ಹಿಂದಿನ ದಿನವೇ ಆರಂಭವಾಗುವುದು. ಆ ಸಂಜೆಗೆ ಹೊನ್ನುಗ್ಗಿಯೆಂದು ಹೆಸರು. ಅಂದು ಎತ್ತಿನ ಹೆಗಲಿನಿಂದ ನೊಗವನ್ನು ಇಳಿಸಿದರೆ ಹಬ್ಬ ಮುಗಿಯುವವರೆಗೆ ಮತ್ತೆ ಇಡುವಂತಿಲ್ಲ. ಹೊಳೆಯ ದಂಡೆಯ ಊರವರು ಕೃಷ್ಣೆಗೋ, ದೂಧಗಂಗೆಗೋ, ವೇದಗಂಗೆಗೋ ಎತ್ತುಗಳನ್ನು ಹೊಡೆದುಕೊಂಡು ಹೋಗಿ ಮೈ ತಿಕ್ಕಿ ತೊಳೆಯುತ್ತಾರೆ. ಹೊಳೆಯಿಲ್ಲದ ಊರವರು ಕೆರೆಬಾವಿಗಳ ನೀರಿನಿಂದಲೇ ತೃಪ್ತರಾಗುತ್ತಾರೆ. ನೊಗದ ತಿಕ್ಕಾಟದಿಂದ ದಡ್ಡುಗಟ್ಟಿದ ಹೆಗಲಿಗೆ ಎಣ್ಣೆ ಅರಿಷಿಣ ಸವರುವ ಕೆಲಸವನ್ನು ಮನೆಯ ಯಜಮಾನನೇ ಮಾಡತಕ್ಕದ್ದು. ಆಳಿನ ಕೈಯಿಂದ ಮಾಡಿಸಿದರೆ ನಡೆಯದೇ ಎಂದು ಯಾರಾದರೂ ಕೇಳಬಹುದು. ನಡೆದೀತು, ಆದರೆ ವರ್ಷವಿಡೀ ಯಾರ ಹೊಲಕ್ಕಾಗಿ ಆ ಹೆಗಲು ಸವೆಯಿತೋ ಅವನೇ ಒಂದು ಸಲವಾದರೂ ಅದನ್ನು ಮುಟ್ಟಿ ನೋಡಲಿ ಎಂಬುದು ಹಿರಿಯರ ಅಭಿಪ್ರಾಯವಾಗಿದ್ದಂತೆ ತೋರುತ್ತದೆ.

ಹುಣ್ಣಿವೆಯ ದಿನ ಬೆಳಗಾಗುವುದೇ ತಡ, ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ. ಹುಡುಗರು ಕೋಡಿಗೆ ಬಣ್ಣ ಹಚ್ಚುವರು. ಯಾವ ಬಣ್ಣವೆಂಬ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ವಾದ ಹತ್ತಿ, ಕಡೆಗೆ ಒಂದು ಕೋಡಿಗೆ ಒಂದು ಬಣ್ಣವೆಂದು ಅಜ್ಜನು ತೀರ್ಪು ಹೇಳಬೇಕಾಗುವುದು. ಮಗಳು ಅಳಿಯ ಬಂದಿರುವರು. ಬೀಗರು ಬರುವ ದಾರಿಯನ್ನು ಕಾಯುತ್ತಿರುವರು. ಒಳಗೆ ಹೋಳಿಗೆ ಕಡುಬುಗಳ ಸಿದ್ಧತೆ ನಡೆದಂತೆಯೇ ಒಂದು ಬುಟ್ಟಿಯಲ್ಲಿ ಕೋಡುಬಳೆಗಳೂ ಕೂಡುತ್ತವೆ. ಕೋಡುಬಳೆಯೆಂಬ ಹೆಸರಿನ ಅರ್ಥವು ಅಂದು ಮಕ್ಕಳಿಗೆ ತಿಳಿಯುವುದು. ಅದನ್ನು ಎತ್ತಿನ ಕೋಡಿಗೆ ಬಳೆಯಂತೆ ಏರಿಸಿ, ಆಮೇಲೆ ಮುರಿದು ಪ್ರಸಾದವೆಂದು ಹಂಚಿಕೊಳ್ಳುವರು. ಅದೇ ಹುಣ್ಣಿವೆಯಂದು ವಟಸಾವಿತ್ರಿಯ ವ್ರತವನ್ನು ಹಿಡಿದ ಮನೆಗಳಲ್ಲಿ ಹೆಣ್ಣುಮಕ್ಕಳು ಆಲದ ಮರಕ್ಕೆ ನೂಲು ಸುತ್ತಿ ಬಂದು ಈ ಕೆಲಸಕ್ಕೆ ನಿಲ್ಲಬೇಕು.

ಸಿಂಗರಿಸಿದ ಎತ್ತನ್ನು ಒಂದು ಗಳಿಗೆ ನಿಂತು ನೋಡಿರಿ. ಮೈಮೇಲೆ ಝೂಲು, ಕೋಡಿಗೆ ಕೊಡಣಸು, ಹಣೆಗೆ ಬಾಸಿಂಗ, ಕೊರಳಿಗೆ ಗೆಜ್ಜೆಸರ, ಹೊಸ ಮೂಗುದಾರ, ಬಣ್ಣಬಣ್ಣದ ಗೊಂಡೆ. ಇದರಲ್ಲಿ ಒಕ್ಕಲಿಗನು ತಾನೇ ಮಾಡಿದ್ದು ಎಷ್ಟು? ಹಗ್ಗವನ್ನು ಹೊಸೆದವರು ಒಬ್ಬರು, ಕೊರಳಿನ ತೊಗಲಪಟ್ಟಿಯನ್ನು ಹೊಲಿದವರು ಮತ್ತೊಬ್ಬರು, ಗೆಜ್ಜೆಯನ್ನು ಎರಕ ಹೊಯ್ದವರು ಇನ್ನೊಬ್ಬರು. ನೇಕಾರ, ದರ್ಜಿ, ಬಡಿಗ, ಕಮ್ಮಾರ, ಕುಂಬಾರ ಎಲ್ಲರ ಕೈಕೆಲಸವೂ ಆ ಒಂದು ಪ್ರಾಣಿಯ ಮೈಮೇಲೆ ಅಥವಾ ಅದು ಎಳೆಯುವ ಬಂಡಿ ನೇಗಿಲುಗಳಲ್ಲಿದೆ. ಆದಕಾರಣ ಎತ್ತಿನ ಮೆರವಣಿಗೆಯೆಂದರೆ ಊರಿನ ಸಕಲ ಕಸುಬುಗಳ ಮೆರವಣಿಗೆ. ಹೀಗಿದ್ದೂ ಹಗ್ಗ ಹೊಸೆದವರೂ ಪಟ್ಟಿ ಹೊಲಿದವರೂ ಮೆರವಣಿಗೆಯಿಂದ ದೂರ ನಿಂತು ನೋಡಬೇಕಾದ ಕಾಲವೊಂದು ನಮ್ಮ ಊರುಗಳಲ್ಲಿತ್ತೆಂಬುದನ್ನು ಮರೆಯಲಾಗದು. ೧೯೨೫ರಲ್ಲಿ ಡಾಕ್ಟರ ಅಂಬೇಡಕರರು ಬಹಿಷ್ಕೃತರ ಪರಿಷತ್ತಿಗಾಗಿ ಬಂದು ಮಾತನಾಡಿದ ನಿಪ್ಪಾಣಿಯು ಈ ಸೀಮೆಯದೇ. ಯಾರ ಶ್ರಮವನ್ನು ಎತ್ತಿನ ಮೈಮೇಲೆ ಹೊರಿಸಿ ಮೆರೆಸುತ್ತೇವೆಯೋ ಅವರನ್ನು ಪಕ್ಕದಲ್ಲಿ ಕರೆದುಕೊಂಡು ನಡೆಯದಿದ್ದರೆ ಆ ಮೆರವಣಿಗೆ ಅರ್ಧ ಊರಿನದಾದೀತು.

ಮಧ್ಯಾಹ್ನ ಇಳಿಯುತ್ತಲೆ ಓಣಿಯ ಬಾಗಿಲುಗಳಲ್ಲಿ ಆರತಿ ಬೆಳಗುವುದು. ಹಲಗೆ, ಡೊಳ್ಳು, ಸನಾದಿಗಳ ಸಪ್ಪಳ ಕಿವಿಗೆ ಬಿದ್ದೊಡನೆ ಮನೆಮನೆಯ ಜೋಡಿಗಳು ಹೊರಬಿದ್ದು ಒಂದರ ಹಿಂದೆ ಒಂದು ಕೂಡಿಕೊಳ್ಳುವುವು. ನೆರೆಯವರು, ಗೆಳೆಯರು, ಬೇರೆ ಊರಿನಲ್ಲಿ ನೌಕರಿಯಲ್ಲಿದ್ದು ರಜೆ ಪಡೆದು ಬಂದವರು, ಎಲ್ಲರೂ ತಮ್ಮ ತಮ್ಮ ಪರಿಚಯದ ಎತ್ತಿನ ಬಳಿ ಸೇರುವರು. ಚಿಕ್ಕ ಮಕ್ಕಳು ಅಪ್ಪನ ಹೆಗಲೇರುವರು. ದಾರಿಯ ಇಕ್ಕೆಲದ ಮನೆಗಳವರು ಎತ್ತಿನ ಕಾಲಿಗೆ ನೀರೆರೆದು, ಹಣೆಗೆ ಕುಂಕುಮವಿಟ್ಟು, ಬೆಲ್ಲದ ಚೂರನ್ನು ತಿನಿಸುವರು. ಹೀಗೆ ಪೇಟೆಯ ಬೀದಿಯನ್ನು ಸುತ್ತಿ, ಹನುಮಂತದೇವರ ಗುಡಿಯ ಮುಂದೆ ನಮಸ್ಕರಿಸಿ, ಮೆರವಣಿಗೆಯು ಅಗಸಿಗೆ ಬರುವುದು.

ಅಗಸಿಯಲ್ಲಿ 'ಕರಿ' ಕಾಯುತ್ತಿದೆ. ಬಾಗಿಲಿಗೆ ಅಡ್ಡಲಾಗಿ ಕಟ್ಟಿದ, ಬೇವಿನ ತೊಪ್ಪಲು ಸಿಕ್ಕಿಸಿದ ಹಗ್ಗಕ್ಕೆ ಕರಿಯೆಂದು ಹೆಸರು. ಓಡಿಬಂದ ಎತ್ತುಗಳಲ್ಲಿ ಯಾವುದು ಮೊದಲು ಅದನ್ನು ಹರಿಯುವುದೋ ಎಂದು ಊರೇ ಉಸಿರು ಬಿಗಿಹಿಡಿದು ನೋಡುವುದು. ಬಿಳಿಯ ಎತ್ತು ಹರಿದರೆ ಹಿಂಗಾರಿಯ ಬೆಳೆ ಚೆನ್ನಾಗುವುದೆಂದೂ, ಕೆಂದೆತ್ತು ಹರಿದರೆ ಮುಂಗಾರಿಯು ಕೈಹಿಡಿಯುವುದೆಂದೂ ನಂಬಿಕೆ. ಹಿಂಗಾರಿಯ ಬಿಳಿಜೋಳಕ್ಕೆ ಬಿಳಿಯ ಎತ್ತು ಗುರುತು. ಇದರಲ್ಲಿ ಒಂದು ಸೊಗಸುಂಟು. ಎರಡೂ ಬಣ್ಣಗಳ ಪಾಲಿಗೆ ಒಂದೊಂದು ಬೆಳೆಯಿದೆ. ಕೆಟ್ಟ ಶಕುನಕ್ಕೆ ಯಾವ ಬಣ್ಣವನ್ನೂ ಇಟ್ಟಿಲ್ಲ! ಮಳೆ ಕಡಿಮೆಯಾದ ಅಥಣಿಯ ಮೂಡಲ ಭಾಗದ ಎರೆಯ ಹೊಲದವನೂ, ಹೊಳೆಯ ದಂಡೆಯ ಮಸಾರಿಯವನೂ ಒಂದೇ ಅಗಸಿಯಿಂದ ಒಂದಿಷ್ಟು ಧೈರ್ಯವನ್ನು ತೆಗೆದುಕೊಂಡು ಮನೆಗೆ ಹೋಗಲಿ ಎಂದೇ ಈ ಏರ್ಪಾಟು ಇರಬೇಕು.

ಇಷ್ಟೆಲ್ಲ ವರ್ಣಿಸಿದ ಮೇಲೆ ಒಂದು ಕಹಿಯಾದ ಮಾತನ್ನು ಹೇಳಲೇಬೇಕು. ಮೆರವಣಿಗೆ ಇದೆ, ವಾದ್ಯಗಳಿವೆ, ಜನವಿದೆ, ಎತ್ತುಗಳು ಕಡಿಮೆಯಾಗುತ್ತಲಿವೆ. ಭಾರತದ ಜಾನುವಾರು ಗಣತಿಯಂತೆ ೨೦೧೨ರಲ್ಲಿ ದೇಶದಲ್ಲಿ ಆರು ಕೋಟಿ ಎಪ್ಪತ್ತೊಂಬತ್ತು ಲಕ್ಷದಷ್ಟಿದ್ದ ಎತ್ತು-ಹೋರಿ-ಗಂಡುಕರುಗಳು ೨೦೧೯ರ ಹೊತ್ತಿಗೆ ನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷಕ್ಕೆ ಇಳಿದವು. ಏಳೇ ವರ್ಷಗಳಲ್ಲಿ ನೂರಕ್ಕೆ ಮೂವತ್ತು ಇಲ್ಲವಾದವು! ಇದೇ ಅವಧಿಯಲ್ಲಿ ಹಾಲು ಕೊಡುವ ಆಕಳುಗಳ ಕುಲ ಹೆಚ್ಚಿತು. ಕಾರಣವು ಗುಟ್ಟಿನದಲ್ಲ. ಟ್ರ್ಯಾಕ್ಟರವು ಒಂದು ದಿನದ ಉಳುಮೆಯನ್ನು ಒಂದು ತಾಸಿನಲ್ಲಿ ಮುಗಿಸುವುದು. ಕೆಲಸವಿಲ್ಲದ ದಿನ ಅದು ಮೇವು ಬೇಡುವುದಿಲ್ಲ. ೧೯೩೯ರಲ್ಲಿ ಉಗಾರದ ಸಕ್ಕರೆ ಕಾರಖಾನೆ ಸ್ಥಾಪನೆಯಾದಂದಿನಿಂದ ಈ ಸೀಮೆಯಲ್ಲಿ ಕಬ್ಬು ಬೆಳೆಬೆಳೆದು, ಅದನ್ನು ಸಾಗಿಸುವ ಬಂಡಿಗಳಿಗೆ ಬಹುಕಾಲ ಕೆಲಸವಿತ್ತು. ಈಗ ಆ ಕೆಲಸದಲ್ಲಿಯೂ ದೊಡ್ಡ ಪಾಲು ಯಂತ್ರದ್ದಾಗಿದೆ. ಖರ್ಚಿನ ಲೆಕ್ಕ ಹಾಕಿ ಎತ್ತನ್ನು ಮಾರಿದ ರೈತನನ್ನು ಪೇಟೆಯಲ್ಲಿ ಕುಳಿತ ನಾವು ಹಳಿಯುವುದು ನ್ಯಾಯವಲ್ಲ.

ಆದರೆ ಕಳೆದುಕೊಳ್ಳುತ್ತಿರುವುದು ಏನೆಂಬುದನ್ನಾದರೂ ತಿಳಿದಿರಬೇಕು. ಅಥಣಿ ರಾಯಬಾಗಗಳ ಎರೆಭೂಮಿಗೆಂದೇ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಿಕರು ಗೀರ, ಒಂಗೋಲು, ಕಾಂಕ್ರೇಜ ಮೊದಲಾದ ತಳಿಗಳನ್ನು ಊರ ದನಗಳೊಡನೆ ಕೂಡಿಸಿ ಒಂದು ಬಲವಾದ ತಳಿಯನ್ನು ಬೆಳೆಯಿಸಿದರು. ಅದೇ ಕೃಷ್ಣಾ ಕಣಿವೆಯ ತಳಿ. ಕಾಲಿಗೆ ಅಂಟುವ ಎರೆಯಲ್ಲಿ ಭಾರದ ನೇಗಿಲನ್ನು ಎಳೆಯುವುದೇ ಅದರ ಕಸುಬು. ಅಮೇರಿಕದವರು ತಮ್ಮ ಬ್ರಾಹ್ಮಣ್ ಎಂಬ ಪ್ರಸಿದ್ಧ ತಳಿಯನ್ನು ರೂಪಿಸಿದಾಗ ಅದರಲ್ಲಿ ಈ ನಮ್ಮ ಹೊಳೆಸಾಲಿನ ದನದ ರಕ್ತವೂ ಸ್ವಲ್ಪ ಸೇರಿತು. ದೂರದ ದೇಶದಲ್ಲಿ ಹೆಸರು ಪಡೆದದ್ದು ತನ್ನ ತವರಿನಲ್ಲಿ ಈಗ ಹುಡುಕಿದರೆ ಮಾತ್ರ ಸಿಕ್ಕುವಷ್ಟಾಗಿದೆ. ಬಿಳಿಮೈಯ, ಹಿಂದಕ್ಕೆ ಬಾಗಿದ ನೀಳ ಕೋಡಿನ, ಚುರುಕು ನಡಿಗೆಯ ಖಿಲಾರಿ ಎತ್ತುಗಳು ಅದಕ್ಕಿಂತ ಹೆಚ್ಚು ಉಳಿದಿವೆ. ಕಾರಹುಣ್ಣಿವೆಯಂದು ನಮ್ಮ ಕಣ್ಣು ತುಂಬುವವು ಬಹುತೇಕ ಇವೇ.

ಸ್ವಿತ್ಸರ್ಲೆಂಡದ ಬೆಟ್ಟಗಳಲ್ಲಿಯೂ ಇಂಥದೊಂದು ಮೆರವಣಿಗೆಯುಂಟು. ಬೇಸಗೆಯಲ್ಲಿ ಎತ್ತರದ ಹುಲ್ಲುಗಾವಲಿಗೆ ಹೋದ ಆಕಳುಗಳನ್ನು ಚಳಿಗಾಲದ ಮುಂಚೆ ಹೂವು ಮುಡಿಸಿ, ದೊಡ್ಡ ಗಂಟೆ ಕಟ್ಟಿ, ಮನೆಮಂದಿಯೆಲ್ಲ ಕೂಡಿ ಊರಿಗೆ ಇಳಿಸಿ ತರುತ್ತಾರೆ. ಆ ಬೆಟ್ಟದ ಬದುಕಿನ ಪರಂಪರೆಯನ್ನು ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಆಸ್ತಿಯ ಪಟ್ಟಿಯಲ್ಲಿ ಸೇರಿಸಿತು. ಅಲ್ಲಿಯೂ ಯಂತ್ರಗಳಿವೆ, ಪಟ್ಟಣಗಳಿವೆ. ಆದರೂ ಮೆರವಣಿಗೆ ಜೀವಂತವಾಗಿರುವುದು ದನಕರುಗಳಿಗೆ ಅಲ್ಲಿ ಇನ್ನೂ ಕೆಲಸವೂ ಬೆಲೆಯೂ ಇರುವದರಿಂದ. ನಮ್ಮ ಎತ್ತಿಗೂ ಕೆಲಸವಿದ್ದರೆ ಮಾತ್ರ ನಮ್ಮ ಹಬ್ಬಕ್ಕೆ ಬಾಳಿಕೆ. ಎರಡು ಮೂರು ಎಕರೆಯ ಸಣ್ಣ ಹಿಡುವಳಿಯಲ್ಲಿ ಎಡೆ ಹೊಡೆಯುವದಕ್ಕೆ, ಸಾಲಿನ ನಡುವೆ ಹರಗುವದಕ್ಕೆ ಎತ್ತು ಇಂದಿಗೂ ತಕ್ಕ ಜೊತೆಗಾರ. ಒಬ್ಬನಿಗೆ ಜೋಡಿ ಸಾಕುವುದು ಭಾರವಾದರೆ, ಹಿಂದಿನವರಂತೆ ಇಬ್ಬರು ನೆರೆಯವರು ಒಂದೊಂದು ಎತ್ತನ್ನು ಸಾಕಿ ಮುಯ್ಯಾಳಿನ ರೀತಿಯಲ್ಲಿ ಕೂಡಿ ಉಳಬಹುದು.

ಎತ್ತಿಲ್ಲದ ಮನೆಯವರು ಏನು ಮಾಡಬೇಕು? ಕಟ್ಟೆಯ ಮೇಲೆ ನಿಂತು ನೋಡಿ ಒಳಗೆ ಹೋಗಬಾರದೆಂದು ನಮ್ಮ ವಿಜ್ಞಾಪನೆ. ನಮ್ಮ ತಟ್ಟೆಯ ರೊಟ್ಟಿಯಲ್ಲಿ ಎತ್ತಿನ ಪಾಲು ಇಲ್ಲದೆ ಎಷ್ಟು ತಲೆಮಾರು ಕಳೆದಿದೆ? ನೆರೆಮನೆಯ ಜೋಡಿಗೆ ಒಂದು ಝೂಲನ್ನು ಹೊಲಿಸಿಕೊಡಿರಿ. ಒಂದು ದಿನದ ಹಿಂಡಿಯ ಖರ್ಚನ್ನು ವಹಿಸಿರಿ. ಮಕ್ಕಳ ಕೈಯಲ್ಲಿ ಕೋಡುಬಳೆಯ ಬುಟ್ಟಿ ಕೊಟ್ಟು ಅವರ ಜೊತೆಗೆ ನಡೆಯಿರಿ. ಅಡಿಗೆಯ ಹೊಗೆಯಲ್ಲಿ ಮಧ್ಯಾಹ್ನವನ್ನೆಲ್ಲ ಕಳೆದ ಸೊಸೆ ಅತ್ತೆಯರೂ ಬಾಗಿಲ ಆರತಿಗೆ ನಿಲ್ಲದೆ ಅಗಸಿಯವರೆಗೆ ಬರುವಂತೆ ಮನೆಯ ಗಂಡಸರು ಅಂದಿನ ಕೆಲಸವನ್ನು ಹಂಚಿಕೊಳ್ಳಲಿ.

ಸಂಭ್ರಮವು ಪ್ರಾಣಿಗೆ ಹಿಂಸೆಯಾಗಬಾರದು. ದನದ ಕಿವಿಯು ನಮ್ಮ ಕಿವಿಗೆ ಕೇಳದ ಕೀರಲು ಸಪ್ಪಳವನ್ನೂ ಕೇಳಬಲ್ಲದು. ಅದರ ಹತ್ತಿರ ಪಟಾಕಿ ಹಾರಿಸುವುದೂ, ಗುಡುಗುವ ಧ್ವನಿಯಂತ್ರಗಳನ್ನು ತರುವುದೂ ಅದನ್ನು ಬೆದರಿಸಿದಂತೆ. ಬೆದರಿದ ಎತ್ತು ಜನರ ನಡುವೆ ಓಡಿದರೆ ಅಪಾಯವು ಮಕ್ಕಳಿಗೇ. ಕೋಡಿನೊಳಗೆ ರಕ್ತ ಹರಿಯುವ ಎಲುಬಿದೆ. ಅಂದಕ್ಕಾಗಿ ಆಳವಾಗಿ ಹೆರೆಯಬಾರದು. ಪ್ರೀತಿಯ ಭರದಲ್ಲಿ ಹುಗ್ಗಿ, ಕಾಳು, ಬೆಲ್ಲಗಳನ್ನು ಒಮ್ಮೆಲೇ ಹೆಚ್ಚು ತಿನಿಸಿದರೆ ಹೊಟ್ಟೆಯಲ್ಲಿ ಹುಳಿಯೇರಿ ಎತ್ತಿನ ಪ್ರಾಣಕ್ಕೇ ಕುತ್ತು ಬಂದೀತು. ಹಬ್ಬದ ತುತ್ತು ಸ್ವಲ್ಪ, ದಿನದ ಮೇವು ಹೊಟ್ಟೆ ತುಂಬ. ಇದೇ ಸರಿಯಾದ ಕ್ರಮ.

ಕಾರಹುಣ್ಣಿವೆಯಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಕೊಟ್ಟಿಗೆ ಬರಿದಾದ ಮನೆಯ ಜಗುಲಿಯ ಮೇಲೆಯೂ ಮಣ್ಣಿನ ಜೋಡೆತ್ತು ಕೂಡುವುವು. ಮಕ್ಕಳು ಅವಕ್ಕೂ ಕೋಡು ತಿದ್ದಿ, ಗೋದಲೆ ಕಟ್ಟಿ, ಎದುರಿಗೆ ಒಂದೆರಡು ಎಸಳು ಹುಲ್ಲು ಇಡುವರು. ಮಣ್ಣನ್ನು ಕಲಿಸುತ್ತ ಕುಳಿತ ಆ ಮಗುವಿಗೆ, ಎತ್ತಿನ ಹೆಗಲು ಹೇಗಿರುವುದೆಂದು ಯಾರನ್ನೂ ಕೇಳದೆ ತಿಳಿದಿರಬೇಕಾದರೆ, ಹದಿನೈದು ದಿನದ ಹಿಂದೆ ಅದು ನಿಜವಾದ ಎತ್ತಿನ ಪಕ್ಕದಲ್ಲಿ ನಡೆದಿರಬೇಕು. ಬರುವ ಕಾರಹುಣ್ಣಿವೆಗೆ ವಾಚಕರು ತಮ್ಮ ಮಕ್ಕಳ ಕೈಹಿಡಿದು ಊರಿನ ಅಗಸಿಯವರೆಗೆ ಅವಶ್ಯವಾಗಿ ನಡೆಯಲಿ.