ಕಣಿವೆಗೆ ಬಂದ ಕನ್ನಡ ಕಾಮೆಂಟರಿ

ಐಪಿಎಲ್ ಪಂದ್ಯಗಳ ಕನ್ನಡ ವೀಕ್ಷಕ ವಿವರಣೆಯಲ್ಲಿ ಕೇಳಿಬರುವ ದನಿಗಳಲ್ಲೊಂದು ಶಿವಮೊಗ್ಗ ಜಿಲ್ಲೆಯ ಸಾಗರದ್ದು. ಭರತ್ ಚಿಪ್ಳಿ 1983ರಲ್ಲಿ ಸಾಗರದಲ್ಲಿ ಹುಟ್ಟಿದವರು; ಚಿಪ್ಳಿ ಆ ಪೇಟೆಗೆ ಹತ್ತಿರದ ಹಳ್ಳಿ. ಕರ್ನಾಟಕದ ರಣಜಿ ತಂಡಕ್ಕೆ ಆಡಿದರು, ಐಪಿಎಲ್‌ನಲ್ಲಿ ರಾಯಲ್ ಚಾಲೆಂಜರ್ಸ್ ಮತ್ತು ಡೆಕ್ಕನ್ ಚಾರ್ಜರ್ಸ್ ಅಂಗಿ ತೊಟ್ಟರು, ಬ್ಯಾಟು ಕೆಳಗಿಟ್ಟ ಮೇಲೆ ಮೈಕ್ ಹಿಡಿದರು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಕನ್ನಡ ಕಾಮೆಂಟರಿ ಹಾಕಿಕೊಳ್ಳುವವರು "ನಮ್ಮ ಚಿಪ್ಳಿ" ಎಂದೇ ಹೇಳುವುದು. ಅವರು ಕೂತು ಮಾತಾಡುವ ಚಾನೆಲ್ಲಿನ ಹೆಸರು ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ. ದುಡ್ಡು ಕೊಟ್ಟು ನೋಡಬೇಕಾದ ಈ ಕ್ರೀಡಾ ಜಾಲ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಎಷ್ಟು ಸಲ ಹೆಸರು ಬದಲಿಸಿಕೊಂಡಿತು, ಎಷ್ಟು ಕೈ ದಾಟಿತು ಎಂಬುದನ್ನು ಹೇಳಬೇಕು. ಅದಕ್ಕಿಂತ ಮುಖ್ಯವಾಗಿ, ಅದು ಈ ಮೂರು ತಾಲ್ಲೂಕುಗಳ ಗುಡ್ಡಗಳ ನಡುವೆ ಹೇಗೆ ಬಂದು ಕೂತಿತು ಎಂಬುದನ್ನೂ ಹೇಳಬೇಕು.

ಮೊದಲು ಗುಡ್ಡದ ಮಾತು. ಮಲೆನಾಡಿನಲ್ಲಿ ಮನೆ ಇರುವುದು ತೋಟದ ತಲೆಯಲ್ಲಿ, ತೋಟ ಇರುವುದು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ. ದೂರದರ್ಶನದ ಭೂ ಪ್ರಸಾರದ ಅಲೆಗಳು ನೆಲದ ಉದ್ದಕ್ಕೆ ಸಾಗಿ ಬರುವಂಥವು. ಅಡ್ಡ ಗುಡ್ಡ ಸಿಕ್ಕರೆ ಅಲ್ಲಿಗೇ ನಿಂತವು. ಅಡಿಕೆ ಮರಕ್ಕಿಂತ ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿ ತಿರುಗಿಸಿದರೂ ಪರದೆಯ ಮೇಲೆ ಚುಕ್ಕಿಗಳೇ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಅರ್ಧ ಮೈಲಿ ಇರುವ ಕಡೆ ಕೇಬಲ್ ಎಳೆಯುವವರು ಯಾರು? ಪೇಟೆಯಲ್ಲಿ ಮಾತ್ರ ಕೇಬಲ್ ಇತ್ತು, ಹಳ್ಳಿಗೆ ಬರಲಿಲ್ಲ.

ಉಪಗ್ರಹದ ಸಂಗತಿ ಬೇರೆ. ಭೂಮಧ್ಯರೇಖೆಯ ನೇರಕ್ಕೆ 83, 93, 95 ಡಿಗ್ರಿ ರೇಖಾಂಶಗಳಲ್ಲಿ ನಿಂತಿರುವ ಉಪಗ್ರಹಗಳು ನಮ್ಮ ಸಾಗರದಿಂದ ನೋಡಿದರೆ ದಿಗಂತದಿಂದ 60–70 ಡಿಗ್ರಿ ಮೇಲೆ, ಹೆಚ್ಚುಕಡಿಮೆ ನೆತ್ತಿಯ ಹತ್ತಿರ ಇರುತ್ತವೆ. ಎಷ್ಟೇ ಆಳದ ಕಣಿವೆಯಾದರೂ ಅಂಗಳದ ಮೇಲೆ ಅಷ್ಟು ಆಕಾಶ ಇದ್ದೇ ಇರುತ್ತದೆ. ಹಾಗಾಗಿಯೇ ದೊಡ್ಡ ಊರುಗಳಲ್ಲಿ ಇನ್ನೂ ಕೇಬಲ್ ರಾಜ್ಯಭಾರ ಮಾಡುತ್ತಿದ್ದಾಗ ಮಲೆನಾಡಿನ ಒಂಟಿ ಮನೆಗಳ ಅಂಗಳದಲ್ಲಿ, ಅಡಿಕೆ ಚಪ್ಪರದ ಪಕ್ಕದಲ್ಲಿ, ಜಾಲರಿಯ ದೊಡ್ಡ ಡಿಶ್‌ಗಳು ನಿಂತವು. ಬಡತನ ಸಿರಿತನದ ಮಾತು ಇದರಲ್ಲಿ ಸ್ವಲ್ಪ ಇದೆ, ನೆಲದ ಏರಿಳಿತದ ಮಾತೇ ಹೆಚ್ಚು.

ಆ ಡಿಶ್‌ಗಳಿಗೆ ಬಂದ ಮೊದಲ ಪರದೇಶಿ ಅತಿಥಿಗಳಲ್ಲಿ ಕ್ರೀಡಾ ಚಾನೆಲ್ಲೂ ಒಂದು. ಹಾಂಗ್‌ಕಾಂಗ್‌ನ ಸ್ಟಾರ್ ಟಿವಿ 1991ರಲ್ಲಿ ಏಷ್ಯಾಸ್ಯಾಟ್-1 ಉಪಗ್ರಹದ ಮೂಲಕ ಪ್ರಸಾರ ಆರಂಭಿಸಿದಾಗ ಅದರ ಕ್ರೀಡಾ ವಾಹಿನಿಗೆ ಪ್ರೈಮ್ ಸ್ಪೋರ್ಟ್ಸ್ ಎಂದು ಹೆಸರು. ಮುಂದೆ ಅದೇ ಸ್ಟಾರ್ ಸ್ಪೋರ್ಟ್ಸ್ ಆಯಿತು. 1996ರಲ್ಲಿ ಅಮೆರಿಕದ ಇಎಸ್‌ಪಿಎನ್ ಜೊತೆ ಸಮಪಾಲಿನ ಕೂಡುಕಂಪನಿಯಾಗಿ, ಸಿಂಗಪುರದಲ್ಲಿ ಕಚೇರಿ ಹಾಕಿಕೊಂಡು, ಇಎಸ್‌ಪಿಎನ್ ಸ್ಟಾರ್ ಸ್ಪೋರ್ಟ್ಸ್ ಎಂಬ ಜೋಡಿ ಹೆಸರಿನಲ್ಲಿ ಬೆಳೆಯಿತು. ಇಷ್ಟರ ನಡುವೆ ನಮ್ಮ ದೇಶದ ನ್ಯಾಯಾಲಯದಲ್ಲಿ ಒಂದು ದೊಡ್ಡ ತೀರ್ಪು ಬಂದಿತ್ತು. 1993ರ ಹೀರೊ ಕಪ್ ಕ್ರಿಕೆಟ್ ಪಂದ್ಯಾವಳಿಯ ಪ್ರಸಾರದ ಹಕ್ಕು ಯಾರದು ಎಂದು ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ಬಿದ್ದ ಜಗಳದಲ್ಲಿ ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯ ಇಲ್ಲ ಎಂದು ಹೇಳಿತು. ಕ್ರಿಕೆಟ್ ಮಾರಾಟದ ಸರಕಾಗುವುದಕ್ಕೆ ಅಲ್ಲಿಂದ ದಾರಿ ಸಲೀಸಾಯಿತು. ಸರಕಾದ ಮೇಲೆ ಅದಕ್ಕೆ ಬೀಗವೂ ಬಿತ್ತು: ಸಂಕೇತ ಬಿಡಿಸುವ ಪೆಟ್ಟಿಗೆ ಇಲ್ಲದ ದೊಡ್ಡ ಡಿಶ್‌ಗಳಲ್ಲಿ ಕ್ರೀಡಾ ಚಾನೆಲ್ಲುಗಳು ಕತ್ತಲಾದವು.

ಸಣ್ಣ ತಟ್ಟೆಯ ಡಿಟಿಎಚ್ ಬಂದದ್ದು ಆಮೇಲೆ. ಡಿಶ್ ಟಿವಿ 2003ರಲ್ಲಿ, ಟಾಟಾ ಸ್ಕೈ 2006ರಲ್ಲಿ. ದುಡ್ಡು ಕಟ್ಟಿದರೆ ಮತ್ತೆ ಕ್ರಿಕೆಟ್ ಸಿಗುತ್ತಿತ್ತು, ಆದರೆ ಮಳೆಗಾಲದಲ್ಲಿ ಹೊಸ ತಾಪತ್ರಯ. ಸಣ್ಣ ತಟ್ಟೆಗೆ ಬರುವ ಕೆಯು ಬ್ಯಾಂಡ್ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಗಳ ಮಳೆ ಈ ಅಲೆಯನ್ನು ಹೀರಿ ಚದುರಿಸುತ್ತದೆ. ದೊಡ್ಡ ಜಾಲರಿಯ ಸಿ ಬ್ಯಾಂಡ್ ಅಲೆ ಇದರ ಮೂರು ಪಟ್ಟು ಉದ್ದ, ಅದಕ್ಕೆ ಮಳೆಯ ಹೆದರಿಕೆ ಕಡಿಮೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ — ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳ ಪಟ್ಟಿ ಹಾಕಿದರೆ ಎರಡೂ ಬರುತ್ತವೆ. ಇಂಥ ಕಡೆ ಆಷಾಢದಲ್ಲಿ ಪಂದ್ಯ ನೋಡುವುದೆಂದರೆ ಕೊನೆಯ ಓವರಿಗೆ ಸರಿಯಾಗಿ "ಸಿಗ್ನಲ್ ಇಲ್ಲ" ಎಂಬ ನೀಲಿ ಪರದೆಯನ್ನು ನೋಡುವುದು. ಕರೆಂಟು ಹೋಗುವುದು ಬೇರೆ. ಲಿಂಗನಮಕ್ಕಿ, ಮಾಣಿ ಅಣೆಕಟ್ಟುಗಳ ನೀರಿನಿಂದ ನಾಡಿಗೆ ಬೆಳಕು ಕೊಟ್ಟ ತಾಲ್ಲೂಕುಗಳಲ್ಲೇ ಮಳೆಗಾಲದ ಇರುಳು ಕತ್ತಲಲ್ಲಿ ಕಳೆಯಬೇಕು ಎಂಬುದು ಇಲ್ಲಿನವರ ಹಳೆಯ ನೋವು.

ಮಾಲೀಕತ್ವದ ಕಥೆಯನ್ನು ಬೇಗ ಮುಗಿಸಬಹುದು. 2012ರಲ್ಲಿ ಇಎಸ್‌ಪಿಎನ್ ತನ್ನ ಪಾಲನ್ನು ಬಿಟ್ಟುಕೊಟ್ಟು ಹೊರಟಿತು. 2013ರ ನವೆಂಬರಿನಲ್ಲಿ ಇಎಸ್‌ಪಿಎನ್, ಸ್ಟಾರ್ ಕ್ರಿಕೆಟ್ ಎಂಬ ಹಳೆಯ ಹೆಸರುಗಳೆಲ್ಲ ಹೋಗಿ, ಸ್ಟಾರ್ ಸ್ಪೋರ್ಟ್ಸ್ 1, 2, 3, 4 ಎಂಬ ಸಾಲು ಬಂತು. 2019ರ ಮಾರ್ಚಿನಲ್ಲಿ ಜಾಲ ಡಿಸ್ನಿಯ ಕೈ ಸೇರಿತು. 2024ರ ನವೆಂಬರಿನಲ್ಲಿ ರಿಲಯನ್ಸ್ ಬಳಗದ ವಯಾಕಾಮ್18 ಜೊತೆ ವಿಲೀನವಾಗಿ ಜಿಯೊಸ್ಟಾರ್ ಆಯಿತು. 2025ರ ಮಾರ್ಚಿನಲ್ಲಿ ಎದುರಾಳಿಯಾಗಿದ್ದ ಸ್ಪೋರ್ಟ್ಸ್18 ಹೆಸರೂ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಕರಗಿತು. ಈ ಎಲ್ಲ ಬದಲಾವಣೆಗಳ ಹಿಂದೆ ಹಣದ ಲೆಕ್ಕ ದೊಡ್ಡದು. 2018ರಿಂದ ಐದು ವರ್ಷದ ಐಪಿಎಲ್ ಹಕ್ಕಿಗೆ ಸ್ಟಾರ್ ಕೊಟ್ಟದ್ದು 16,347.5 ಕೋಟಿ ರೂಪಾಯಿ. ಮುಂದಿನ ಐದು ವರ್ಷಕ್ಕೆ ಟಿವಿ ಹಕ್ಕೊಂದಕ್ಕೇ 23,575 ಕೋಟಿ. ಇಷ್ಟು ಹಣ ಹಾಕಿದವರಿಗೆ ಇಂಗ್ಲಿಷ್, ಹಿಂದಿ ಬಲ್ಲ ವೀಕ್ಷಕರು ಸಾಲುವುದಿಲ್ಲ. ತಮಿಳಿಗೆ, ತೆಲುಗಿಗೆ, ಕನ್ನಡಕ್ಕೆ ಬಾಗಿಲು ತೆರೆದದ್ದು ಆ ಒತ್ತಡ. ಭಾಷಾಪ್ರೀತಿಯಿಂದ ತೆರೆಯಿತು ಎಂದು ನಾನು ನಂಬುವುದಿಲ್ಲ. ತೆರೆದ ಮೇಲೆ ಒಳಗೆ ಏನು ನಡೆಯಿತು ಎಂಬುದು ಮಾತ್ರ ನಮ್ಮ ಗಮನಕ್ಕೆ ತಕ್ಕದ್ದು.

2018ರ ಐಪಿಎಲ್‌ಗೆ ಆರು ಭಾಷೆಗಳಲ್ಲಿ ಪ್ರಸಾರ ನಡೆಯಿತು. ಕನ್ನಡದ್ದು ಸ್ಟಾರ್ ಸುವರ್ಣ ಪ್ಲಸ್‌ನಲ್ಲಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ ಸ್ವಂತ ಚಾನೆಲ್ ಆಗಿ ಹುಟ್ಟಿತು. ಮಲೆನಾಡಿಗೆ ಆ ಹೊತ್ತು ಹೇಳಿ ಮಾಡಿಸಿದಂತಿತ್ತು. ಅದು ಅಡಿಕೆ ಕೊಯ್ಲಿನ ಕಾಲ. ರಾತ್ರಿ ಹತ್ತು ಹನ್ನೊಂದರವರೆಗೆ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವ ಕೆಲಸ ನಡೆಯುತ್ತದೆ. ಕಣ್ಣು ಅಡಿಕೆಯ ಮೇಲೆ, ಕಿವಿ ಟಿವಿಯ ಮೇಲೆ. ಪರದೆ ನೋಡದೆ ಆಟ ಹಿಂಬಾಲಿಸಬೇಕಾದ ಇಂಥ ಕೇಳುಗರಿಗೆ ತಮ್ಮ ಭಾಷೆಯ ವಿವರಣೆ ಎಷ್ಟು ಬೇಕಿತ್ತು ಎಂಬುದನ್ನು ಪಟ್ಟಣದ ಸೋಫಾದಲ್ಲಿ ಕೂತವರು ಊಹಿಸುವುದು ಕಷ್ಟ. ಪ್ರೊ ಕಬಡ್ಡಿಯ ಆರನೇ ಆವೃತ್ತಿ ಆಗ ಕೊನೆಯ ಹಂತದಲ್ಲಿತ್ತು. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು, ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಮೊದಲ ಸಲ ಚಾಂಪಿಯನ್ ಆಯಿತು. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳು ಊರೂರಲ್ಲಿ ನಡೆಯುವ ಸೀಮೆ ಇದು. ಕಬಡ್ಡಿಗೆ ಕನ್ನಡ ಕಾಮೆಂಟರಿ ಇಲ್ಲಿ ಹೊಸದೇನಲ್ಲ. ಊರ ಮೈದಾನದ ಮೈಕಿನಲ್ಲಿ ಮೊದಲಿನಿಂದಲೂ ಇತ್ತು. ಟಿವಿಯಲ್ಲಿ ಇರಲಿಲ್ಲ, ಅಷ್ಟೆ.

ಕಿವಿಯ ಮಾತು ಬಂದಾಗ ಈ ಸೀಮೆಯ ಒಂದು ವಿಶೇಷವನ್ನು ಹೇಳದೆ ಮುಂದೆ ಹೋಗಲಾರೆ. ಇಲ್ಲಿನವರು ಆಡುಮಾತಿನ ಕನ್ನಡವನ್ನು ಅಳೆದು ನೋಡುವವರು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್ ಹೊರ ಜಗತ್ತಿನ ನಾಟಕ, ಸಿನಿಮಾಗಳನ್ನು ಹಳ್ಳಿಯ ಪ್ರೇಕ್ಷಕರ ಮುಂದಿಟ್ಟು, ಅವರು ಅದನ್ನು ಅರಗಿಸಿಕೊಳ್ಳಬಲ್ಲರು ಎಂದು ತೋರಿಸಿತು. ಯಕ್ಷಗಾನದ ಪ್ರಸಂಗವನ್ನು ಕೂತು ಮಾತಿನಲ್ಲೇ ನಡೆಸುವ ಮಳೆಗಾಲದ ತಾಳಮದ್ದಲೆಯಲ್ಲಿ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವ, ಬರೆದಿಟ್ಟ ಮಾತಿಲ್ಲದೆ, ಎದುರಿನವನ ಪ್ರಶ್ನೆಗೆ ಆ ಕ್ಷಣವೇ ಉತ್ತರ ಕಟ್ಟಬೇಕು. ವೀಕ್ಷಕ ವಿವರಣೆಯೂ ಅದೇ ಜಾತಿಯ ಕಲೆ: ಮುಂದಿನ ಎಸೆತ ಏನಾಗುತ್ತದೆಂದು ಗೊತ್ತಿಲ್ಲದೆ, ಆದದ್ದನ್ನು ಆದ ಉಸಿರಿನಲ್ಲೇ ಹೇಳುವುದು. ತಾಳಮದ್ದಲೆ ಕೇಳಿದ ಕಿವಿ ಕಾಮೆಂಟರಿಯಲ್ಲಿ ಎರಡು ಕುಂದನ್ನು ಬೇಗ ಹಿಡಿಯುತ್ತದೆ. ಒಂದು, ಹಿಂದಿಯ ಪದಪುಂಜವನ್ನು ಕನ್ನಡಕ್ಕೆ ಎತ್ತಿಹಾಕಿದ ಮಾತು. ಇನ್ನೊಂದು, ಹೇಳಲು ಏನೂ ಇಲ್ಲದಾಗ ಬರುವ ಅಬ್ಬರ. ಕನ್ನಡ ಪ್ರಸಾರದಲ್ಲಿ ಎರಡೂ ಇವೆ. ಆದರೆ ವಿಜಯ್ ಭಾರದ್ವಾಜ್ ಅವರಂಥ ಹಳೆಯ ಆಟಗಾರ — 1999ರಲ್ಲಿ ನೈರೋಬಿಯಲ್ಲಿ ತಮ್ಮ ಮೊದಲ ಸರಣಿಯಲ್ಲೇ ಸರಣಿ ಶ್ರೇಷ್ಠರಾದವರು — ಒಬ್ಬ ಬೌಲರ್ ಯಾಕೆ ಕ್ಷೇತ್ರರಕ್ಷಣೆಯ ಜೋಡಣೆ ಬದಲಿಸಿದ ಎಂದು ತಣ್ಣಗೆ ಬಿಡಿಸಿ ಹೇಳುವಾಗ, ಕ್ರಿಕೆಟ್‌ನ ಬುದ್ಧಿಯೆಲ್ಲ ಕನ್ನಡದಲ್ಲಿ ಹೇಳಲು ಬರುತ್ತದೆ ಎಂಬುದು ಖಾತ್ರಿಯಾಗುತ್ತದೆ. ಈ ಚಾನೆಲ್ಲಿನ ನಿಜವಾದ ಸಾಧನೆ ನನ್ನ ಪ್ರಕಾರ ಇದೇ.

ಬೆಲೆಯ ಪ್ರಶ್ನೆಯೂ ಇದೆ. 2019ರ ಫೆಬ್ರುವರಿಯಿಂದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ತಂದ ಹೊಸ ದರ ಪದ್ಧತಿಯಲ್ಲಿ ಆಗ 100 ಚಾನೆಲ್‌ಗಳ ಮೂಲ ಶುಲ್ಕ ತೆರಿಗೆ ಬಿಟ್ಟು ಹೆಚ್ಚೆಂದರೆ 130 ರೂಪಾಯಿ ಇತ್ತು, ಅದರ ಮೇಲೆ ಪಾವತಿ ಚಾನೆಲ್ಲುಗಳಿಗೆ ಬೇರೆ ಬೇರೆ ದರ. ಗೊಂಚಲಿನಲ್ಲಿ ಸೇರಬೇಕಾದರೆ ಒಂದು ಚಾನೆಲ್ಲಿನ ಬೆಲೆ 19 ರೂಪಾಯಿ ಮೀರುವಂತಿರಲಿಲ್ಲ. ಕ್ರೀಡಾ ಜಾಲ ಆ ಮಿತಿಯ ತುದಿಯಲ್ಲೇ ವ್ಯಾಪಾರ ಮಾಡಿತು. ಕೂಲಿಯ ಮನೆಗಳಿಗೆ ಉಳಿದ ದಾರಿ ದೂರದರ್ಶನದ ಫ್ರೀ ಡಿಶ್. 2007ರ ಕಾಯ್ದೆಯಂತೆ ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಹಕ್ಕುದಾರರು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು; ಹಾಗೆ ಕೆಲವು ಪಂದ್ಯ ಪುಕ್ಕಟೆ ಸಿಗುತ್ತವೆ. 2023ರಲ್ಲಿ ಐಪಿಎಲ್ ಅನ್ನು ಜಿಯೊಸಿನಿಮಾ ಮೊಬೈಲಿನಲ್ಲಿ ಉಚಿತವಾಗಿ, ಕನ್ನಡದಲ್ಲೂ ತೋರಿಸಿತು. ಆದರೆ ಅದಕ್ಕೆ ನೆಟ್‌ವರ್ಕ್ ಬೇಕಲ್ಲ. ಶರಾವತಿ ಹಿನ್ನೀರಿನ ಹಳ್ಳಿಗಳ ಜನ ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲ ಎಂದು ಅಭಿಯಾನ ನಡೆಸಬೇಕಾಗಿ ಬಂದ ಸೀಮೆ ಇದು. ಮೊಬೈಲ್ ಪರದೆಯ ಐಪಿಎಲ್ ಇಲ್ಲಿನ ಎಷ್ಟೋ ಮನೆಗಳಲ್ಲಿ ಗುಡ್ಡ ಹತ್ತಿ ನೋಡುವ ಐಪಿಎಲ್. ತಟ್ಟೆಯ ಟಿವಿ ಇನ್ನೂ ಬೇಕಾಗಿರುವುದು ಅದಕ್ಕೇ.

ಆ ಟಿವಿಗೆ, ಕನ್ನಡದ ಪ್ರಸಾರಕ್ಕೆ ಒಂದು ದೊಡ್ಡ ರಾತ್ರಿಯೂ ಬಂತು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ (ಆರ್‌ಸಿಬಿ) 6 ರನ್ನುಗಳಿಂದ ಪಂಜಾಬ್ ಕಿಂಗ್ಸ್ ತಂಡವನ್ನು ಸೋಲಿಸಿ, ಹದಿನೆಂಟನೇ ಆವೃತ್ತಿಯಲ್ಲಿ ಮೊದಲ ಕಪ್ ಎತ್ತಿತು. "ಈ ಸಲ ಕಪ್ ನಮ್ದೇ" ಎಂದು ವರ್ಷ ವರ್ಷ ಕೂಗಿದವರಿಗೆ ಆ ಗೆಲುವನ್ನು ಕನ್ನಡದಲ್ಲೇ ಕೇಳುವ ಭಾಗ್ಯ ಸಿಕ್ಕಿತು. ಹತ್ತು ವರ್ಷ ಮೊದಲು ಗೆದ್ದಿದ್ದರೆ ಅದನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳಬೇಕಿತ್ತು.

ಹಾಗೆಂದು ಇಷ್ಟಕ್ಕೆ ತೃಪ್ತರಾಗಬೇಕಿಲ್ಲ. ಕನ್ನಡ ಚಾನೆಲ್ ಈಗಲೂ ಬಹುಪಾಲು ಬೇರೆಡೆ ತಯಾರಾದ ಚಿತ್ರಕ್ಕೆ ಕನ್ನಡ ದನಿ ಕೂಡಿಸುವ ಚಾನೆಲ್. ರಾಜ್ಯ ಕ್ರಿಕೆಟ್ ಸಂಸ್ಥೆಯ ಮಹಾರಾಜ ಟ್ರೋಫಿಯಲ್ಲಿ ಶಿವಮೊಗ್ಗದ ಹೆಸರಿನ ತಂಡ ಆಡುವುದನ್ನು ಇದು ತೋರಿಸಿದ್ದು ಒಳ್ಳೆಯ ಕೆಲಸ. ಅದೇ ದಾರಿಯಲ್ಲಿ ರಾಜ್ಯ ಮಟ್ಟದ ಕಬಡ್ಡಿ, ವಾಲಿಬಾಲ್, ಕೊಕ್ಕೊ ಪಂದ್ಯಗಳು ಬರಲಿ. ಜಿಲ್ಲೆಗಳ ಮೈದಾನಗಳಲ್ಲಿ ಮೈಕ್ ಹಿಡಿದು ಪಳಗಿದ ದನಿಗಳನ್ನು ಹುಡುಕಿ ಕರೆಯಲಿ. ಹಳೆಯ ರಣಜಿ ಆಟಗಾರರ ಪಕ್ಕದಲ್ಲಿ ಅವರೂ ಕೂರಲಿ. ವಿಲೀನದ ಮೇಲೆ ಇಷ್ಟು ಬೆಳೆದ ಜಾಲಕ್ಕೆ ಇದು ಹೊರೆಯಲ್ಲ.

ವೀಕ್ಷಕರಲ್ಲೂ ಒಂದು ಕೇಳಿಕೆ. ಯಾವ ಭಾಷೆಯ ಪ್ರಸಾರವನ್ನು ಎಷ್ಟು ಮನೆ ನೋಡಿತು ಎಂಬ ಲೆಕ್ಕದ ಮೇಲೆಯೇ ಆ ಭಾಷೆಗೆ ಮುಂದಿನ ವರ್ಷ ಎಷ್ಟು ಖರ್ಚು ಮಾಡಬೇಕೆಂದು ನಿರ್ಧಾರವಾಗುತ್ತದೆ. ಅಭ್ಯಾಸಬಲದಿಂದ ಹಿಂದಿ, ಇಂಗ್ಲಿಷ್ ಹಾಕಿಕೊಳ್ಳುತ್ತಿರುವವರು ಮುಂದಿನ ಪಂದ್ಯಕ್ಕೆ ಕನ್ನಡ ಚಾನೆಲ್ ಹಾಕಿ ನೋಡಿ. ಮಾತು ಹಿಡಿಸದಿದ್ದರೆ ಏಕೆ ಹಿಡಿಸಲಿಲ್ಲ ಎಂದು ಚಾನೆಲ್ಲಿಗೆ ಬರೆದು ತಿಳಿಸಿ, ಕನ್ನಡದಲ್ಲೇ.