ಬಿಸಿಲ ನಾಡಿನ ನಡುಮನೆಗೆ ಅಲಂಕಾರಿಕ ಅಗ್ಗಿಷ್ಟಿಕೆ: ಆಯ್ಕೆ, ಅಳವಡಿಕೆ, ಲೆಕ್ಕಪತ್ರ

ಯಾದಗಿರಿ, ಶಹಾಪುರ ಹಾಗೂ ಸುರಪುರ ಭಾಗಗಳಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸರ್ವೇಸಾಮಾನ್ಯ. ಇಂತಹ ಊರುಗಳಲ್ಲಿ ಮನೆ ಕಾಯಿಸಲು ‘ಫೈರ್‌ಪ್ಲೇಸ್’ ಅಂದರೆ ಅಗ್ಗಿಷ್ಟಿಕೆ ಬೇಕೆಂದು ಯಾರೂ ವಾದಿಸಲಾರರು. ಆದರೆ ಹೊಸ ಮನೆ ಕಟ್ಟಿಸುವವರು ನಡುಮನೆಯ ಗೋಡೆಗೊಂದು ಶೋಭೆ ಬಯಸುವುದು ಸಹಜ. ಜ್ವಾಲೆಯಂತೆ ತೋರುವ ಬೆಳಕು ಮತ್ತು ಅದರ ಸುತ್ತ ಕಲ್ಲಿನ ಚೌಕಟ್ಟು ಆ ಬಯಕೆಯನ್ನು ಪೂರೈಸಬಲ್ಲವು. ಆದ್ದರಿಂದ ಗ್ರಾಹಕರು ಮೊದಲು ನಿರ್ಧರಿಸಬೇಕಾದುದು ಒಂದೇ: ಹಣ ತೆರುವುದು ನೋಟಕ್ಕೋ, ಶಾಖಕ್ಕೋ? ಈ ಭಾಗದಲ್ಲಿ ಶಾಖಕ್ಕೆ ತೆತ್ತ ಹಣ ಬಹುಪಾಲು ವ್ಯರ್ಥವೇ ಸರಿ.

ಯಾವ ಬಗೆ ಸೂಕ್ತ?

ಕಟ್ಟಿಗೆ ಉರಿಸುವ ಅಗ್ಗಿಷ್ಟಿಕೆಗೆ ಹೊಗೆಕೊಳವೆ ಅನಿವಾರ್ಯ. ಕಟ್ಟಿ ಮುಗಿದ ಆರ್.ಸಿ.ಸಿ. ಮನೆಯಲ್ಲಿ ಅದು ದುಬಾರಿ ಕೆಲಸ. ಎಥನಾಲ್ ಉರಿಸುವ ಬಗೆಗೆ ಹೊಗೆಕೊಳವೆ ಬೇಡವಾದರೂ ಅದು ಕೋಣೆಯ ಆಮ್ಲಜನಕವನ್ನೇ ಬಳಸುತ್ತದೆ. ಬಿಸಿ ಆರುವ ಮುನ್ನ ಇಂಧನ ಸುರಿದರೆ ಬೆಂಕಿ ಭುಗಿಲೇಳುವ ಅಪಾಯವೂ ಉಂಟು. ಮಕ್ಕಳಿರುವ ಮನೆಗೆ ಇವೆರಡೂ ಸಲ್ಲವು. ಉಳಿದದ್ದು ವಿದ್ಯುತ್ ಅಗ್ಗಿಷ್ಟಿಕೆ. ಇದರಲ್ಲಿಯೂ ಹೀಟರ್ ಚಾಲೂ ಮಾಡದೆ ಜ್ವಾಲೆಯ ಬೆಳಕನ್ನು ಮಾತ್ರ ಉರಿಸುವ ಸೌಲಭ್ಯವಿರುವ ಯಂತ್ರವನ್ನೇ ಆಯ್ದುಕೊಳ್ಳತಕ್ಕದ್ದು.

ಲೆಕ್ಕ ಸರಳವಾಗಿದೆ. 1,500 ವ್ಯಾಟ್ ಹೀಟರನ್ನು ದಿನಕ್ಕೆ 3 ಗಂಟೆ ಉರಿಸಿದರೆ 30 ದಿನಕ್ಕೆ 135 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. 20 ವ್ಯಾಟ್‌ನ ಎಲ್‌ಇಡಿ ಬೆಳಕನ್ನು ಅಷ್ಟೇ ಹೊತ್ತು ಉರಿಸಿದರೆ ತಗಲುವುದು 1.8 ಯೂನಿಟ್ ಮಾತ್ರ.

ಕಲ್ಲು ಮತ್ತು ಜೋಡಣೆ

ಚೌಕಟ್ಟಿನ ಕಲ್ಲಿಗಾಗಿ ದೂರ ಹೋಗಬೇಕಾಗಿಲ್ಲ. ನೆರೆಯ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ತಲೆಮಾರುಗಳಿಂದ ಈ ಭಾಗದ ಮನೆಗಳ ನೆಲಹಾಸು. ಆದರೆ ಅದು ಸುಣ್ಣಕಲ್ಲಿನ ಜಾತಿಯದು. ಲಿಂಬೆರಸ ಅಥವಾ ಆಸಿಡ್ ತಾಗಿದರೆ ಹೊಳಪು ಕಳೆದುಕೊಳ್ಳುತ್ತದೆ. ಗ್ರಾನೈಟ್‌ಗೆ ಈ ತೊಂದರೆ ಬಹಳ ಕಡಿಮೆ, ದರ ಹೆಚ್ಚು. ಒಂದು ಇಂಚು ದಪ್ಪದ ಕಲ್ಲು ಚದರಡಿಗೆ ಸುಮಾರು 6 ಕಿಲೋ ತೂಗುವುದರಿಂದ ಚೌಕಟ್ಟಿನ ಭಾರ ನೆಲದ ಮೇಲೆಯೇ ಬೀಳುವಂತೆ ಜೋಡಿಸಿ, ಲೋಹದ ಹಿಡಿಕೆಗಳಿಂದ ಗೋಡೆಗೆ ಬಿಗಿಯಬೇಕು. ಜಿಪ್ಸಂ ಹಲಗೆಯ ಮೇಲೆ ಅಂಟಿಸುವುದು ಸಲ್ಲದು. ಚೌಕಟ್ಟಿನ ಮೇಲ್ಭಾಗದಲ್ಲಿ ಸುರಪುರ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಶೈಲಿಯ ಒಂದು ಕೃತಿಯನ್ನಿರಿಸಿದರೆ ಮನೆಗೆ ನೆಲದ ಗುರುತೂ ದೊರೆಯುತ್ತದೆ.

ಯಂತ್ರಕ್ಕೆ ಐಎಸ್‌ಐ ಗುರುತಿದೆಯೇ, ಅದು 230 ವೋಲ್ಟ್‌ಗೆ ತಯಾರಾದುದೇ ಎಂಬುದನ್ನು ಖರೀದಿಗೆ ಮುನ್ನ ಪರಿಶೀಲಿಸಬೇಕು. ಹೀಟರ್ ಇರುವ ಯಂತ್ರಕ್ಕೆ 16 ಆಂಪಿಯರ್ ಸಾಕೆಟ್, ಪ್ರತ್ಯೇಕ ತಂತಿ ಹಾಗೂ ಸರಿಯಾದ ಅರ್ಥಿಂಗ್ ಅವಶ್ಯಕ. ಪರದೆಗಳು ದೂರವಿರಲಿ; ಗಾಳಿ ಹೊರಬರುವ ಕಿಂಡಿಯನ್ನು ಕಲ್ಲಿನಿಂದ ಮುಚ್ಚಬಾರದು.

ಬಿಲ್ ಯಾರ ಹೆಸರಿಗೆ?

ವರ್ತಕರು ಎಡವುವುದು ಬಹುತೇಕ ಇಲ್ಲಿಯೇ. ಮನೆಯ ಸಾಮಾನಿಗೆ ಅಂಗಡಿಯ ಜಿಎಸ್‌ಟಿ ಸಂಖ್ಯೆ ಕೊಟ್ಟು ಬಿಲ್ ಪಡೆಯುವ ರೂಢಿ ಅಪರೂಪವೇನಲ್ಲ. 2017ರ ಜಿಎಸ್‌ಟಿ ಕಾಯಿದೆಯ 17ನೇ ಕಲಮಿನ ಪ್ರಕಾರ ವ್ಯಾಪಾರೇತರ ಬಳಕೆಯ ಸರಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ತಪ್ಪಾಗಿ ಪಡೆದು ಬಳಸಿಕೊಂಡಲ್ಲಿ ವಾರ್ಷಿಕ ಶೇ. 18ರ ಬಡ್ಡಿ ಸಹಿತ ಮರಳಿಸಬೇಕಾಗುತ್ತದೆ, ದಂಡ ಬೇರೆ. ಹಣವನ್ನು ಅಂಗಡಿಯಿಂದಲೇ ಕೊಟ್ಟಿದ್ದರೆ ಅದನ್ನು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಖರ್ಚು ಹಾಕಬೇಕೇ ಹೊರತು ದುರಸ್ತಿ ವೆಚ್ಚಕ್ಕಲ್ಲ.

ವ್ಯಾಪಾರಕ್ಕೆಂದೇ ಮಳಿಗೆಯಲ್ಲಿ ಅಳವಡಿಸಿದರೆ ಮಾತು ಬೇರೆ. ಆಗ ಬಿಚ್ಚಿ ಒಯ್ಯಬಹುದಾದ ಯಂತ್ರದ ಮೇಲಿನ ತೆರಿಗೆಗೆ ಕ್ರೆಡಿಟ್ ಉಂಟು. ಗೋಡೆಗೆ ಕಟ್ಟಿದ ಕಲ್ಲಿನ ಕೆಲಸ ಕಟ್ಟಡದ ವೆಚ್ಚವಾಗಿ ಬಂಡವಾಳಕ್ಕೆ ಸೇರಿದರೆ ಅದಕ್ಕೆ ಕ್ರೆಡಿಟ್ ಇಲ್ಲ.

ಈ ಕಾರಣದಿಂದ ಯಂತ್ರ, ಕಲ್ಲು ಹಾಗೂ ಕೂಲಿ ಈ ಮೂರಕ್ಕೂ ಪ್ರತ್ಯೇಕ ದರಪಟ್ಟಿ ಪಡೆಯುವುದು ಲೇಸು. ಲೆಕ್ಕ ಶುದ್ಧವಾಗುವುದರ ಜೊತೆಗೆ, ಹೊರಗಿನಿಂದ ತರಿಸಬೇಕಾದುದು ಯಂತ್ರವೊಂದೇ ಎಂಬುದೂ ಕಣ್ಣಿಗೆ ಕಾಣುತ್ತದೆ. ಉಳಿದೆರಡು ಬಾಬುಗಳ ಹಣ ಈ ಭಾಗದ ಕಲ್ಲಿನ ವ್ಯಾಪಾರಿ, ಪಾಲಿಶ್ ಘಟಕ, ಮೇಸ್ತ್ರಿ ಹಾಗೂ ವಿದ್ಯುತ್ ಕೆಲಸಗಾರರ ಕೈ ಸೇರಬಲ್ಲದು.