ಗ್ಲ್ಯಾಮ್ ಮೆಟಲ್ ಗಿಟಾರ್‌ವಾದಕನ ಏಳುಬೀಳು: ಕೆಲವು ತಪ್ಪು ಕಲ್ಪನೆಗಳು

1980ರ ದಶಕದಲ್ಲಿ ಅಮೆರಿಕದಲ್ಲಿ ವಿಜೃಂಭಿಸಿ, ಮುಂದಿನ ದಶಕದ ಆರಂಭದಲ್ಲಿಯೇ ಅಸ್ತಮಿಸಿದ ಗ್ಲ್ಯಾಮ್ ಮೆಟಲ್ ಎಂಬ ಸಂಗೀತಪ್ರಕಾರದ ವಿಷಯದಲ್ಲಿ ಜನರಲ್ಲಿ ರೂಢವಾಗಿರುವ ಅಭಿಪ್ರಾಯಗಳು ಬಹುಮಟ್ಟಿಗೆ ಅದರ ವೇಷವನ್ನು ನೋಡಿ ಹುಟ್ಟಿದವೇ ಹೊರತು ನಾದವನ್ನು ಕೇಳಿ ಹುಟ್ಟಿದವಲ್ಲ. ನ್ಯೂಯಾರ್ಕಿನ ಸ್ಟ್ಯಾಟನ್ ಐಲೆಂಡಿನವನಾಗಿ, ‘ವೈಟ್ ಲಯನ್’ ತಂಡದ ಗಿಟಾರ್‌ವಾದಕನೆಂದು ಕೀರ್ತಿ ಪಡೆದು, ಮೂವತ್ತರ ಆಸುಪಾಸಿನಲ್ಲಿಯೇ ವೇದಿಕೆಯಿಂದ ಮರೆಯಾದ ವೀಟೋ ಬ್ರಾಟ್ಟಾ ಎಂಬಾತನ ವೃತ್ತಾಂತವನ್ನು ಮುಂದಿಟ್ಟುಕೊಂಡು ಅವುಗಳಲ್ಲಿ ಕೆಲವನ್ನು ಪರಿಶೀಲಿಸಬಹುದು.

ತಪ್ಪು ಕಲ್ಪನೆ: ಗ್ಲ್ಯಾಮ್ ಮೆಟಲ್ ವಾದಕರಿಗೆ ವೇಷವೇ ಬಂಡವಾಳ, ವಿದ್ಯೆ ಶೂನ್ಯ.

ಸತ್ಯ: ಕೆದರಿ ನಿಲ್ಲಿಸಿದ ಕೇಶರಾಶಿಯೂ ಬಿಗಿಯಾದ ಚರ್ಮದ ಉಡುಪೂ ಇದ್ದುದು ನಿಜ; ಆದರೆ ವಿದ್ಯೆ ಇರಲಿಲ್ಲವೆಂಬುದು ನಿಜವಲ್ಲ. 1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ಜನಪ್ರಿಯಗೊಳಿಸಿದ ‘ಟ್ಯಾಪಿಂಗ್’ ಕ್ರಮದಲ್ಲಿ ಬಲಗೈಯು ಮೀಟುವ ಕಾರ್ಯವನ್ನು ತ್ಯಜಿಸಿ, ತಾನೂ ಗಿಟಾರಿನ ಕಂಠಕ್ಕೇರಿ, ವೀಣೆಗಿರುವಂತೆ ಅಲ್ಲಿಯೂ ಇರುವ ಮೆಟ್ಟಿಲುಗಳ ಮೇಲೆ ತಂತಿಯನ್ನು ಬೆರಳ ತುದಿಯಿಂದ ತಟ್ಟಿ ಸ್ವರವನ್ನು ಹುಟ್ಟಿಸುತ್ತದೆ; ಆ ಬೆರಳು ತಂತಿಯನ್ನು ಸೆಳೆದು ಮೇಲೆದ್ದೊಡನೆ, ಎಡಗೈ ಮೊದಲೇ ಒತ್ತಿ ಹಿಡಿದಿದ್ದ ಇನ್ನೊಂದು ಸ್ವರ ನುಡಿಯುತ್ತದೆ. ಅನೇಕರು ಇದನ್ನು ವೇಗಪ್ರದರ್ಶನಕ್ಕೆ ಬಳಸಿಕೊಂಡರೆ ಬ್ರಾಟ್ಟಾ ಅದನ್ನು ರಾಗಭಾವಕ್ಕೆ ಅಧೀನಗೊಳಿಸಿದನು. ‘ವೇಟ್’ ಎಂಬ ಗೀತದ ನಡುವೆ ಬರುವ ಆತನ ಏಕವಾದನವು ಹಾಡಿನ ಮಧ್ಯೆ ತುರುಕಿದ ಕಸರತ್ತಾಗಿರದೆ, ತನ್ನದೇ ಆದ ಆರೋಹಣ, ವಿಶ್ರಾಂತಿ, ಸಮಾಪ್ತಿಗಳನ್ನುಳ್ಳ ಒಂದು ಕಿರುರಚನೆಯಾಗಿದೆ.

ತಪ್ಪು ಕಲ್ಪನೆ: ದೂರದರ್ಶನದ ದಯೆಯಿಂದ ಯಶಸ್ಸು ರಾತ್ರೋರಾತ್ರಿ ಲಭಿಸಿತು.

ಸತ್ಯ: 1983ರಲ್ಲಿ ಬ್ರಾಟ್ಟಾ ಮತ್ತು ಡೆನ್ಮಾರ್ಕಿನ ಗಾಯಕ ಮೈಕ್ ಟ್ರ್ಯಾಂಪ್ ಸೇರಿ ಕಟ್ಟಿದ ತಂಡದ ಮೊದಲ ಆಲ್ಬಮ್ಮನ್ನು, ಧ್ವನಿಮುದ್ರಣವೆಲ್ಲ ಮುಗಿದ ತರುವಾಯ, ಎಲೆಕ್ಟ್ರಾ ಕಂಪನಿಯು ಹೊರತರಲು ನಿರಾಕರಿಸಿತು; ಅದು ಮೊದಲು ಬೆಳಕು ಕಂಡದ್ದು ಜಪಾನಿನಲ್ಲಿ. 1987ರ ಜೂನಿನಲ್ಲಿ ಅಟ್ಲಾಂಟಿಕ್ ಕಂಪನಿಯಿಂದ ಬಂದ ‘ಪ್ರೈಡ್’ ಆಲ್ಬಮ್ ಕೂಡ ತಿಂಗಳುಗಟ್ಟಲೆ ಕೇಳುವವರಿಲ್ಲದೆ ಬಿದ್ದಿದ್ದು, ಮರುವರ್ಷದ ಆರಂಭದಲ್ಲಿ ಸಂಗೀತ ವಾಹಿನಿ ಎಂ.ಟಿ.ವಿ. ಅದರಲ್ಲಿನ ‘ವೇಟ್’ ಗೀತದ ಚಿತ್ರವನ್ನು ಬಿತ್ತರಿಸತೊಡಗಿದ ಮೇಲೆಯೇ ಮೇಲೆದ್ದಿತು. ಆ ಗೀತ ಅಮೆರಿಕದ ಜನಪ್ರಿಯ ಗೀತಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 8ನೆಯ ಸ್ಥಾನವನ್ನೂ, 1989ರಲ್ಲಿ ಅದೇ ಆಲ್ಬಮ್ಮಿನ ‘ವೆನ್ ದ ಚಿಲ್ಡ್ರನ್ ಕ್ರೈ’ 3ನೆಯ ಸ್ಥಾನವನ್ನೂ ಮುಟ್ಟಿದವು. ಆಲ್ಬಮ್ಮಿಗೆ 20 ಲಕ್ಷ ಪ್ರತಿಗಳಿಗೆ ಸಲ್ಲುವ ಡಬಲ್ ಪ್ಲಾಟಿನಂ ಮನ್ನಣೆ ದೊರೆಯಿತು. ದೂರದರ್ಶನ ಬಾಗಿಲನ್ನು ತೆರೆದದ್ದುಂಟು. ಆದರೆ ಆ ಬಾಗಿಲ ಮುಂದೆ ವರ್ಷಗಟ್ಟಲೆ ಕಾದಿದ್ದವರು ಇವರು.

ತಪ್ಪು ಕಲ್ಪನೆ: ಹಾಡುಗಳೆಲ್ಲ ಮದ್ಯ, ಮಾನಿನಿ, ಮೋಜುಗಳ ವಿಷಯವೇ.

ಸತ್ಯ: ಅಂಥವು ಹೇರಳವಾಗಿದ್ದವು. ಆದರೂ ಈ ತಂಡದ 1989ರ ‘ಬಿಗ್ ಗೇಮ್’ ಆಲ್ಬಮ್ಮಿನ ‘ಲಿಟಲ್ ಫೈಟರ್’ ಗೀತಕ್ಕೆ ವಸ್ತುವಾದದ್ದು, 1985ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿನಲ್ಲಿ ಫ್ರೆಂಚ್ ಗುಪ್ತಚರರು ಸ್ಫೋಟಿಸಿ ಮುಳುಗಿಸಿದ ಗ್ರೀನ್‌ಪೀಸ್ ಸಂಸ್ಥೆಯ ‘ರೇನ್‌ಬೋ ವಾರಿಯರ್’ ಎಂಬ ನೌಕೆ.

ತಪ್ಪು ಕಲ್ಪನೆ: ಹೊಸ ಬಗೆಯ ರಾಕ್ ಸಂಗೀತದ ‘ನಿರ್ವಾಣ’ ತಂಡ ಬಂದು ಒಂದೇ ಏಟಿಗೆ ಇವರನ್ನು ಕೆಡವಿತು.

ಸತ್ಯ: ಇದು ಎಲ್ಲಕ್ಕಿಂತ ಬಲವಾಗಿ ಬೇರೂರಿದ ನಂಬಿಕೆ; ಆದರೆ ದಿನಾಂಕಗಳನ್ನು ಹೋಲಿಸಿ ನೋಡಿದರೆ ಅದು ನಿಲ್ಲುವುದಿಲ್ಲ. ‘ವೈಟ್ ಲಯನ್’ ತಂಡದ ಕೊನೆಯ ಆಲ್ಬಮ್ ‘ಮೇನ್ ಅಟ್ರ್ಯಾಕ್ಷನ್’ 1991ರ ವಸಂತದಲ್ಲಿ ಹೊರಬಂದು 61ನೆಯ ಸ್ಥಾನಕ್ಕಿಂತ ಮೇಲೇರಲಾರದೆ ಹೋಯಿತು. ತಾಳ ಹಾಗೂ ಬಾಸ್ ವಾದಕರಿಬ್ಬರೂ ಅದೇ ವರ್ಷ ತಂಡವನ್ನು ತೊರೆದರು. ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಕೊನೆಯ ಕಚೇರಿ ನಡೆಯಿತು. ನಿರ್ವಾಣದ ‘ನೆವರ್‌ಮೈಂಡ್’ ಎಂಬ ಆಲ್ಬಮ್ ಹೊರಬಂದದ್ದು ಅದೇ ಸೆಪ್ಟೆಂಬರ್ 24ರಂದು, ಪ್ರಥಮ ಸ್ಥಾನಕ್ಕೇರಿದ್ದು 1992ರ ಜನವರಿಯಲ್ಲಿ. ಒಂದೇ ಅಚ್ಚಿನ ತಂಡಗಳು ಮಿತಿಮೀರಿ ಜನ ಬೇಸತ್ತದ್ದು ಮೊದಲು. ಹೊಸ ಸಂಗೀತ ಮಾಡಿದ್ದು, ಮರಳಿ ಬರುವ ದಾರಿಯನ್ನು ಮುಚ್ಚಿದ್ದು.

ತಪ್ಪು ಕಲ್ಪನೆ: ಕಾಣೆಯಾದ ರಾಕ್ ವಾದಕನು ಮಾದಕಗಳಿಗೋ ಕಹಿತನಕ್ಕೋ ಬಲಿಯಾದವನೇ ಇರಬೇಕು.

ಸತ್ಯ: ಆ ಪಂಗಡದ ಹಲವರ ಪಾಲಿಗೆ ಇದು ನಿಜವಾದುದರಿಂದ ಎಲ್ಲರಿಗೂ ಅನ್ವಯಿಸುವುದು ವಾಡಿಕೆಯಾಯಿತು. ವರ್ಷಾನುವರ್ಷದ ಮೌನದ ಬಳಿಕ 2007ರಲ್ಲಿ ಎಡ್ಡಿ ಟ್ರಂಕ್ ನಡೆಸಿಕೊಟ್ಟ ರೇಡಿಯೋ ಸಂದರ್ಶನದಲ್ಲಿ ಬ್ರಾಟ್ಟಾ ತಿಳಿಸಿದ ಕಾರಣಗಳು ಬೇರೆಯೇ: ದೀರ್ಘಕಾಲ ಕಾಯಿಲೆ ಬಿದ್ದಿದ್ದ ತಂದೆಯ ಶುಶ್ರೂಷೆಯ ಹೊಣೆ ತನ್ನ ಮೇಲಿದ್ದುದು, 1997ರಲ್ಲಿ ಮಣಿಕಟ್ಟಿಗೆ ಪೆಟ್ಟಾಗಿ, ವಿದ್ಯುತ್ ಗಿಟಾರನ್ನು ನುಡಿಸುವುದು ನೋವಿನ ಕೆಲಸವಾದುದು.

ಇನ್ನು, ಪೇಟೆಯಲ್ಲಿ ಸೋತವನ ಪ್ರತಿಭೆಯೂ ಬತ್ತಿತ್ತೆಂಬ ಊಹೆಗೆ ಉತ್ತರ ಆ ಸೋತ ಆಲ್ಬಮ್ಮಿನಲ್ಲಿಯೇ ಉಂಟು. 1990ರ ಆಗಸ್ಟಿನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಮೃತನಾದ ಬ್ಲೂಸ್ ವಾದಕ ಸ್ಟೀವೀ ರೇ ವಾನ್‌ನ ಸ್ಮರಣೆಗಾಗಿ ರಚಿತವಾದ ‘ಬ್ಲೂ ಮಂಡೇ’ ಎಂಬ ಅದರ ವಾದ್ಯಕೃತಿಯಲ್ಲಿ, ಟ್ಯಾಪಿಂಗಿನಿಂದ ಹೆಸರಾದ ಕೈ ಆ ಚಮತ್ಕಾರವನ್ನು ಬದಿಗಿಟ್ಟು, ಬ್ಲೂಸಿನ ನಿಧಾನಗತಿಯಲ್ಲಿ ಶೋಕವನ್ನು ನುಡಿಸುತ್ತದೆ. ಮಾರಾಟದ ಇಳಿತವನ್ನು ಕಂಡು ವಿದ್ಯೆಯ ಇಳಿತವನ್ನು ನಿರ್ಣಯಿಸಹೊರಟವರು ಮೊದಲು ಇದನ್ನು ಕೇಳತಕ್ಕದ್ದು.